ಎರಡು ಮಿಲಿಮೀಟರಿನ ಮಾತು

ಹನ್ನೊಂದನೇ ತಾರೀಖು, ಗುರುವಾರ
ಮಧ್ಯಾಹ್ನ, ನಿನ್ನ ವರ್ಕ್‌ಶಾಪಿನ ಉದ್ದ ಮೇಜಿನಿಂದ

ಪ್ರೀತಿಯ ಸೊಸೆಗೆ,

ಅತ್ತೆಯ ಆಶೀರ್ವಾದ. ಇಲ್ಲಿ ನಿನ್ನ ಗಂಡ, ನಿನ್ನ ಮಗಳು, ನಾನು ಮೂವರೂ ಗುಂಡುಕಲ್ಲಿನ ಹಾಗಿದ್ದೇವೆ. ಆ ಕಂಪನಿಯವರ ತರಬೇತಿಗೆಂದು ಊರು ಬಿಟ್ಟು ಹೋಗುವಾಗ ನೀನು ನನಗೆ ಒಪ್ಪಿಸಿದ್ದ ಒಂದೇ ಒಂದು ಕೆಲಸವನ್ನು ಮಾತ್ರ ನಾನು ಮಾಡಿಲ್ಲ. ಅಲ್ಯೂಮಿನಿಯಂ ಪಟ್ಟಿಗಳನ್ನೆಲ್ಲ ಗುಜರಿಗೆ ಹಾಕಿ, ಮೇಜು ಖಾಲಿ ಮಾಡಿಸಿ, ಕೋಣೆಗೆ ಬೀಗ ಜಡಿದುಬಿಡಿ ಎಂದು ಹೇಳಿ ಹೋಗಿದ್ದೆ. ಪಟ್ಟಿಗಳು ಇದ್ದಲ್ಲೇ ಇವೆ. ಮೇಜಿನ ಮೇಲೆ ಮೊದಲಿಗಿಂತ ಹೆಚ್ಚು ಸಾಮಾನು ಬಿದ್ದಿದೆ. ಬೀಗ ಎಲ್ಲಿದೆಯೋ ಗೊತ್ತಿಲ್ಲ, ಹುಡುಕಿಯೂ ಇಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೇ ಬಿಡಿ ಅತ್ತೆ, ಆ ವಿಷಯ ಮುಗೀತು ಅಂದುಬಿಡುತ್ತೀಯ. ಮೂರನೇ ಮಾತಿಗೆ ನನಗೆ ಸಿಟ್ಟು ಬರುತ್ತದೆ. ನಾಲ್ಕನೇ ಮಾತಿಗೆ ಇಬ್ಬರೂ ಊಟ ಆಯ್ತಾ ಅಂತ ಕೇಳಿಕೊಂಡು ಇಟ್ಟುಬಿಡುತ್ತೇವೆ. ಐದು ವಾರದಿಂದ ಇದೇ ನಡೆದಿದೆ. ಕಾಗದಕ್ಕಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಶನಿವಾರ ಇದು ನಿನ್ನ ಕೈ ಸೇರುತ್ತದೆ ಎಂದು ಕೊರಿಯರಿನವನು ಆಣೆ ಮಾಡಿದ್ದಾನೆ. ಸೋಮವಾರ ನೀನು ಆ ದೊಡ್ಡ ಕಂಪನಿಯ ಕರಾರಿಗೆ ಸಹಿ ಹಾಕಬೇಕು. ಅಲ್ಲಿಗೆ ನಿನಗೆ ಓದಲು, ನನ್ನನ್ನು ಬೈಯಲು, ಇನ್ನೊಮ್ಮೆ ಓದಲು ಒಂದು ಇಡೀ ಭಾನುವಾರ ಸಿಗುತ್ತದೆ. ಸಹಿ ಹಾಕಬೇಡ ಎಂದು ಹೇಳಲೆಂದೇ ಬರೆಯುತ್ತಿದ್ದೇನೆ.

ಕರಾರಿನಲ್ಲಿ ಏನಿದೆ ಎಂದು ನಿನ್ನ ಗಂಡ ನನಗೆ ಓದಿ ಹೇಳಿದ. ಅವರ ಪ್ಲಾಸ್ಟಿಕ್ ತುಂಡುಗಳು, ಅವರ ಬಣ್ಣ, ಅವರ ಪುಸ್ತಕ. ಮೇಲೆ ನಿನ್ನ ಹೆಸರಿನ ಚೀಟಿ ಅಂಟಿಸಿಕೊಂಡು ಶಾಲೆಯಿಂದ ಶಾಲೆಗೆ ಒಯ್ಯುವುದಷ್ಟೇ ನಿನ್ನ ಕೆಲಸ. ಸ್ವಂತದ ಕಿಟ್ ಇನ್ನು ಮುಂದೆ ಮಾಡಕೂಡದು ಎಂದು ಏಳನೇ ಪುಟದಲ್ಲಿದೆಯಂತೆ. ಅಂದರೆ ಮೂರು ವರ್ಷ ಈ ಕೋಣೆಯಲ್ಲಿ ಕೂತು ನೀನು ಮಾಡಿದ ಪೆಟ್ಟಿಗೆ, ಮಕ್ಕಳು ತಾವೇ ಬಿಚ್ಚಿ ಕಟ್ಟಿ ರೋಬೋಟ್ ಗಾಡಿ ಮಾಡುವ ಆ ಪೆಟ್ಟಿಗೆ, ಏಳನೇ ಪುಟದ ಒಂದು ಸಾಲಿಗೆ ಸತ್ತುಹೋಗುತ್ತದೆ. ನಿನ್ನ ಗಂಡ ಅವಳ ಇಷ್ಟ ಅಮ್ಮ, ನಾವು ಒತ್ತಾಯ ಮಾಡಬಾರದು ಅಂದ. ಅವನು ಒಳ್ಳೆಯವನು, ಒತ್ತಾಯ ಮಾಡುವುದಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ.

ಎರಡು ತಿಂಗಳ ಹಿಂದೆ ಶಾಲೆಯಲ್ಲಿ ಪೆಟ್ಟಿಗೆ ತೋರಿಸಿದ ಆ ಬೆಳಗ್ಗೆಯನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಮೂವತ್ತು ಮಕ್ಕಳು, ಆರು ಗುಂಪು, ಆರು ಪೆಟ್ಟಿಗೆ. ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಮೂರು ಶಾಲೆಗಳ ಮುಖ್ಯಸ್ಥರು. ಮೂಲೆ ಜೋಡಿಸಲು ಅಚ್ಚುಕಟ್ಟಾಗಿ ಮಡಿಸಿದ ಹೊಸ ಎಲ್ ಆಕಾರದ ಕ್ಲಾಂಪುಗಳು ತಗಡಿನವನ ಹತ್ತಿರದಿಂದ ಹಿಂದಿನ ಸಂಜೆಯಷ್ಟೇ ಬಂದಿದ್ದವು. ಅದುವರೆಗೆ ನೀನು ಕೈಯಲ್ಲೇ ಕೊರೆದುಕೊಂಡ ಕ್ಲಾಂಪುಗಳಲ್ಲಿ ಗಾಡಿ ಬಾಣದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಇನ್ನೊಂದು ಸಲ ಕಟ್ಟಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಮಕ್ಕಳು ತಳದ ಪಟ್ಟಿಗೆ ಕ್ಲಾಂಪು ಕೂರಿಸಿದರು, ಎರಡು ಪಕ್ಕಕ್ಕೆ ಎರಡು ಗೋಡೆ ನಿಲ್ಲಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಗೋಡೆಗಳ ನಡುವೆ ಮೋಟಾರಿನ ತಟ್ಟೆ ಕೂರಿಸಲು ಹೋದರೆ, ಅದು ಒಂದು ಗೋಡೆಗೆ ತಾಗಿದಾಗ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಕ್ಲಾಂಪಿನ ತೂತು ಮಡಿಕೆಯಿಂದ ಎರಡು ಮಿಲಿಮೀಟರ್ ಆಚೆ ಸರಿದಿತ್ತು. ಎರಡು ಪಕ್ಕ ಸೇರಿ ನಾಲ್ಕು. ಮಕ್ಕಳಿಗೇನು, ಬೋಲ್ಟು ಹಾಕಿ ಸ್ಪ್ಯಾನರಿನಲ್ಲಿ ಎಳೆದೇ ಎಳೆದರು. ಒಂದು ಗೋಡೆ ಒಳಕ್ಕೆ ಬಾಗಿ ಆ ಪಕ್ಕದ ಚಕ್ರವನ್ನು ಹಿಡಿದುಕೊಂಡಿತು. ಇನ್ನೊಂದು ಚಕ್ರ ಓಡಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆರೂ ಗಾಡಿಗಳು ನಿಂತಲ್ಲೇ ಗಿರಗಿರ ಸುತ್ತಿದವು. ಮಕ್ಕಳು ಚಪ್ಪಾಳೆ ತಟ್ಟಿದರು, ಅವರಿಗೆ ಅದೇ ಮಜಾ. ದಪ್ಪ ಕನ್ನಡಕದ ಹೆಡ್‌ಮಿಸ್ಟ್ರೆಸ್ ಮಾತ್ರ ತಲೆ ಓರೆ ಮಾಡಿ, ಇದು ಗಾಡಿನಾ ಬುಗುರಿನಾ ಅಂತ ಕೇಳಿದರು. ನೀನು ನಕ್ಕೆ. ಆ ನಗು ನೋಡಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದವಳೇ ನೀನು ನಕ್ಷೆ ಹರಡಿಕೊಂಡು ಕೂತೆ. ಮಡಿಕೆಯಿಂದ ತೂತಿಗೆ ಹತ್ತು ಮಿಲಿಮೀಟರ್ ಎಂದು ನೀನು ಬರೆದಿದ್ದೆ. ತಗಡಿಗೂ ಎರಡು ಮಿಲಿಮೀಟರ್ ದಪ್ಪವಿದೆಯಲ್ಲ. ಆ ಹತ್ತನ್ನು ಮಡಿಕೆಯ ಹೊರಮೈಯಿಂದ ಅಳೆಯಬೇಕೋ ಒಳಮೈಯಿಂದಲೋ ಎಂದು ನಿನ್ನ ಬಾಣದ ಗುರುತು ಹೇಳಿರಲಿಲ್ಲ. ಬೇಕಾಗಿದ್ದದ್ದು ಹೊರಗಿನಿಂದ, ತಗಡಿನವನು ಅಳೆದದ್ದು ಒಳಗಿನಿಂದ. ಅವನದೇನೂ ತಪ್ಪಿಲ್ಲ, ನಾನೇ ಸರಿಯಾಗಿ ಬರೆದಿಲ್ಲ, ಪಾಠ ಹೇಳಿಕೊಂಡಿದ್ದವಳು ಲೋಹಕ್ಕೆ ಕೈ ಹಾಕಬಾರದಿತ್ತು ಎಂದು ನೀನು ಅಂದೆ. ಒಂದು ಸಲ ಅಂದಿದ್ದರೆ ಸರಿ. ಅಡುಗೆಮನೆಯಲ್ಲಿ ಅಂದೆ, ಮೆಟ್ಟಿಲ ಮೇಲೆ ಅಂದೆ, ಮಗಳ ತಲೆ ಬಾಚುವಾಗ ಅಂದೆ. ಆ ಹುಡುಗಿ ಶಾಲೆಗೆ ಹೋಗಿ, ನಮ್ಮಮ್ಮನಿಗೆ ಲೋಹ ಬರಲ್ಲ ಅಂತ ಹೇಳಿ ಬಂದಿದ್ದಾಳೆ. ನಾನು ಮಾತ್ರ ಸುಮ್ಮನಿದ್ದೆ. ಸುಮ್ಮನಿದ್ದದ್ದು ನಿನಗೆ ಒಪ್ಪಿಕೊಂಡ ಹಾಗೆ ಕಂಡಿರಬೇಕು. ಅದು ಹಾಗಲ್ಲ. ಯಾಕಲ್ಲ ಎನ್ನುವುದನ್ನು ಈಗ ಶುರು ಮಾಡಿದರೆ ಹೇಳಬೇಕಾದದ್ದೆಲ್ಲ ಉಳಿದುಹೋಗುತ್ತದೆ, ಮುಂದೆ ಹೋಗುತ್ತೇನೆ.

ನೀನು ಹೊರಟ ಮರುದಿನ ಗುಜರಿಯವನನ್ನು ಕರೆಸಿದ್ದೆ, ಸುಳ್ಳು ಹೇಳುವುದಿಲ್ಲ. ಅವನು ಬಂದು ಒಂದು ಪಟ್ಟಿಯನ್ನು ಎತ್ತಿ ಅಂಗೈ ಮೇಲೆ ತೂಗಿ, ಹೊಸದಲ್ವಾ ಇದು ಅಂದ. ಆ ಪಟ್ಟಿ ಅವನ ಕೈಯಲ್ಲಿ ನೋಡಿದ್ದೇ ನನಗೆ ಏನಾಯಿತೋ, ಇಡಪ್ಪಾ ಕೆಳಗೆ ಅಂದೆ. ಮೂವತ್ತೊಂದು ವರ್ಷ ನಟ್ಟು ಬೋಲ್ಟಿನ ಅಂಗಡಿಯ ಕೌಂಟರಿನ ಹಿಂದೆ ನಿಂತವಳು ನಾನು. ಬೀದಿಯವರೆಲ್ಲ ಸ್ಪ್ಯಾನರಮ್ಮ ಅಂತ ಕರೆಯುತ್ತಿದ್ದರು. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಉರುಳಿಸಿ ಬೋಲ್ಟಿನ ಅಳತೆ ಹೇಳುತ್ತಿದ್ದೆ. ಒಂದು ಸಾಮಾನನ್ನು ಬಿಸಾಡುವ ಮೊದಲು ಅದು ಯಾಕೆ ಕೆಲಸಕ್ಕೆ ಬರಲಿಲ್ಲ ಎಂದು ಗೊತ್ತಿರಬೇಕು. ಗುಜರಿಯವನಿಗೆ ಒಂದು ಲೋಟ ಟೀ ಕೊಟ್ಟು ಕಳಿಸಿ, ನಿನ್ನ ಕುರ್ಚಿಯಲ್ಲಿ ಕೂತೆ.

ಮೇಜಿನ ಮೇಲೆ ನೀನು ತರಿಸಿದ್ದ ನಮೂನೆಗಳೆಲ್ಲ ಇದ್ದವು. ಮೊದಲು ಅಕ್ರಿಲಿಕ್. ನೋಡಲು ಗಾಜಿನ ಹಾಗೆ. ನಿನ್ನ ಮಗಳ ಕೈಗೆ ಸ್ಪ್ಯಾನರು ಕೊಟ್ಟು, ಪುಟ್ಟಿ, ಎಷ್ಟು ಬೇಕಾದರೂ ಬಿಗಿ ಮಾಡು ಅಂದೆ. ಮೂರನೇ ಬೋಲ್ಟಿಗೆ ತೂತಿನಿಂದ ಅಂಚಿನವರೆಗೆ ಕೂದಲಿನಂಥ ಬಿರುಕು ಬಿಟ್ಟಿತು. ಅಜ್ಜೀ ನಾನೇನೂ ಮಾಡ್ಲಿಲ್ಲ ಅಂತ ಅಳುಮುಖ ಮಾಡಿದಳು. ಅವಳು ಮಾಡಿದ್ದು ಮಕ್ಕಳು ಮಾಡುವುದನ್ನೇ. ಮಕ್ಕಳು ಬಿಗಿ ಮಾಡಿದರೆ ಒಡೆಯುವ ವಸ್ತು ಮಕ್ಕಳ ಪೆಟ್ಟಿಗೆಯಲ್ಲಿ ಯಾಕಿರಬೇಕು? ಅಕ್ರಿಲಿಕ್ ಎತ್ತಿ ಪಕ್ಕಕ್ಕಿಟ್ಟೆ.

ಆಮೇಲೆ ಕಂಪನಿಯವರು ನಮೂನೆಗೆ ಕಳಿಸಿದ್ದ ಪ್ಲಾಸ್ಟಿಕ್ ಪೆಟ್ಟಿಗೆ. ಇದ್ದದ್ದು ಇದ್ದ ಹಾಗೆ ಹೇಳಬೇಕು, ಚೆನ್ನಾಗಿದೆ. ಟಕ್ ಎಂದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಪುಟ್ಟಿ ಇಪ್ಪತ್ತು ನಿಮಿಷದಲ್ಲಿ ಗಾಡಿ ಕಟ್ಟಿ ಮುಗಿಸಿದಳು. ಏಳು ವರ್ಷದವರಿಗೆ ಅದೇ ಸರಿ. ಆದರೆ ಹದಿನೈದು ದಿನ, ದಿನಕ್ಕೆ ಹತ್ತು ಸಲ ಬಿಚ್ಚಿಸಿ ಹಾಕಿಸಿದೆ. ಕಚ್ಚುವ ಹಲ್ಲುಗಳು ಸವೆದು ಮೂಲೆಗಳು ಅಲ್ಲಾಡತೊಡಗಿದವು. ಬೋಲ್ಟು ಸಡಿಲವಾದರೆ ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ಇದು ಸಡಿಲವಾದರೆ ಬಿಗಿ ಮಾಡಲು ಏನೂ ಇಲ್ಲ, ಹೊಸದನ್ನೇ ಕೊಳ್ಳಬೇಕು. ಇನ್ನೊಂದು ವಿಷಯ ಗಮನಿಸಿದೆ. ಆ ತುಂಡುಗಳನ್ನು ತಪ್ಪಾಗಿ ಕೂರಿಸಲು ಸಾಧ್ಯವೇ ಇಲ್ಲ. ಪೆಟ್ಟಿಗೆಯ ಮೇಲೆ ಅದನ್ನೇ ದೊಡ್ಡದಾಗಿ ಅಚ್ಚು ಹಾಕಿಸಿದ್ದಾರೆ. ತಪ್ಪು ಮಾಡೋಕೆ ಜಾಗ ಇಲ್ಲದಿದ್ರೆ ಕಲಿಯೋಕೆ ಏನಿರುತ್ತೆ ಅತ್ತೆ ಅಂತ ನೀನು ಒಂದು ಸಲ ಪಾತ್ರೆ ಒರೆಸುತ್ತಾ ಹೇಳಿದ್ದೆ. ಆಗ ನಾನು ಹ್ಞೂಂಗುಟ್ಟಿದ್ದೆ, ಅಷ್ಟೇ. ಅರ್ಥವಾದದ್ದು ಈಗ.

ಕಬ್ಬಿಣದ ಪಟ್ಟಿಗಳನ್ನೂ ಬಿಡಲಿಲ್ಲ. ಆ ಪುಟಾಣಿ ಮೋಟಾರು ಅದರ ಭಾರ ಎಳೆಯಲಾರದೆ ಗೊರಕೆ ಹೊಡೆಯಿತು. ಒಂದು ಮಿಲಿಮೀಟರಿನ ಅಲ್ಯೂಮಿನಿಯಂ ಪುಟ್ಟಿ ಕೂತಿದ್ದಕ್ಕೇ ಬಾಗಿತು (ಯಾಕೆ ಅದರ ಮೇಲೆ ಕೂತಳು ಎಂದು ಕೇಳಬೇಡ). ಕೊನೆಗೆ ಉಳಿದದ್ದು ನೀನು ಆರಿಸಿದ್ದ ಎರಡು ಮಿಲಿಮೀಟರಿನ ಪಟ್ಟಿಯೇ. ನಿಂತು ತುಳಿದೆ, ಮೇಜಿನಿಂದ ಬೀಳಿಸಿದೆ, ಇನ್ನೂರು ಸಲ ಬಿಚ್ಚಿ ಕಟ್ಟಿದೆ. ಜಗ್ಗಲಿಲ್ಲ. ಅದರಲ್ಲೂ ಎರಡು ಹುಳುಕು ಕಂಡೆ. ಕತ್ತರಿಸಿದ ಅಂಚು ಬ್ಲೇಡಿನ ಹಾಗಿತ್ತು, ನನ್ನ ಹೆಬ್ಬೆರಳೇ ಸಾಕ್ಷಿ; ಅಂಚು ಉಜ್ಜಿಸಿ ಮೂಲೆಗಳನ್ನು ಗುಂಡಗೆ ಮಾಡಿಸಿದೆ. ಮತ್ತೆ ನೀನು ಐದು ಉದ್ದದ ಬೋಲ್ಟು ಇಟ್ಟಿದ್ದೆ. ಮಕ್ಕಳು ಅರ್ಧ ಹೊತ್ತು ಬೋಲ್ಟು ಆರಿಸುವುದರಲ್ಲೇ ಕಳೆಯುತ್ತಾರೆ. ಎರಡೇ ಉದ್ದ ಸಾಕು, ಗಿಡ್ಡದ್ದೊಂದು ಉದ್ದದ್ದೊಂದು. ಅಂಗಡಿಯವಳ ಬುದ್ಧಿ, ಬೇಕಾದರೆ ತಗೋ.

ಆದರೆ ನನ್ನನ್ನು ಕಟ್ಟಿಹಾಕಿದ್ದು ಪಟ್ಟಿಯ ದಪ್ಪವಲ್ಲ, ನಿನ್ನ ಆ ಹತ್ತು. ಪಟ್ಟಿಯಾಗಲಿ ತಟ್ಟೆಯಾಗಲಿ, ಒಂದು ತೂತಿನಿಂದ ಮುಂದಿನ ತೂತಿಗೆ ಎಲ್ಲೆಲ್ಲೂ ಹತ್ತೇ ಮಿಲಿಮೀಟರ್. ನಾನು ಅಂಗಡಿಯಲ್ಲಿ ಕಂಡದ್ದೆಲ್ಲ ಒಂದಕ್ಕೊಂದು ಹೊಂದದ ಸಾಮಾನು. ಗಿರಾಕಿ ಒಂದು ಕ್ಲಾಂಪು ತಂದು ಇದಕ್ಕೆ ಸರಿಹೋಗೋದು ಕೊಡಿ ಅಂದರೆ ಅರ್ಧ ದಿನ ಡಬ್ಬ ಕೆದಕಬೇಕಿತ್ತು. ನಿನ್ನ ಪೆಟ್ಟಿಗೆಯಲ್ಲಿ ಯಾವ ತುಂಡನ್ನು ಯಾವುದರ ಮೇಲಿಟ್ಟರೂ ತೂತಿಗೆ ತೂತು ಕೂರುತ್ತದೆ. ಮಗು ಸ್ಕೇಲು ಹಿಡಿಯಬೇಕಾಗಿಲ್ಲ, ತೂತು ಎಣಿಸಿದರೆ ಸಾಕು. ಒಂದು ಮಧ್ಯಾಹ್ನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ತೂತುಗಳ ಮೂಲಕ ಕಿಟಕಿ ನೋಡುತ್ತಾ ಕೂತಿದ್ದೆ. ಹದಿನೆಂಟು ಪಟ್ಟಿ ಪೇರಿಸಿದರೂ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು. ಇದನ್ನು ಯೋಚಿಸಿದವಳು ನನ್ನ ಸೊಸೆ ಅಂದುಕೊಂಡೆ. ಗಟ್ಟಿಯಾಗಿಯೇ ಅಂದೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮರುದಿನ ತಗಡಿನವನ ಹತ್ತಿರ ಹೋದೆ. ನನ್ನನ್ನು ಕಂಡದ್ದೇ ನೆಲ ನೋಡತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಅಲ್ಲಿ ಒಬ್ಬರಲ್ಲ, ಇಬ್ಬರಿದ್ದೆವು, ಇರಲಿ. ನಲವತ್ತೆಂಟು ಕ್ಲಾಂಪು ಹೊಸದಾಗಿ ಮಡಿಸಿಕೊಡು, ಹತ್ತು ಹೊರಮೈಯಿಂದ ಅಂದೆ. ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು, ಒಂದೊಂದನ್ನೂ ಕ್ಯಾಲಿಪರಿನಲ್ಲಿ ಹಿಡಿದು ಅಳೆದು ನೋಡಿ ಡಬ್ಬಕ್ಕೆ ಹಾಕಿದೆ. ಮೂರನ್ನು ವಾಪಸು ಎಸೆದೆ. ನಿಮ್ಮ ಪಕ್ಕದಲ್ಲಿ ಕೆಲಸ ಮಾಡೋದಕ್ಕಿಂತ ಪರೀಕ್ಷೆಗೆ ಕೂರೋದೇ ವಾಸಿ ಅಂತ ಗೊಣಗಿದ. ಗೊಣಗಿಕೊಂಡೇ ಆ ಮೂರನ್ನೂ ಮತ್ತೆ ಮಾಡಿಕೊಟ್ಟ.

ಇನ್ನು ಶಾಲೆ. ಮೂರು ದಿನ ಹೋಗಲು ಕಾಲೇಳಲಿಲ್ಲ. ನಾಲ್ಕನೇ ದಿನ ಗೇಟಿನ ಹತ್ತಿರ ಹೆಡ್‌ಮಿಸ್ಟ್ರೆಸ್ ಬರುವುದನ್ನೇ ಕಾದು ನಿಂತು, ನಾನು ಬುಗುರಿ ಮಾಡಿದವಳ ಅತ್ತೆ ಅಂದೆ. ಅವರು ಗಂಭೀರವಾಗಿರಲು ಹೊರಟು ಸೋತರು, ನಕ್ಕುಬಿಟ್ಟರು. ಇನ್ನೊಂದು ಸಲ ಅದೇ ಮಕ್ಕಳು, ಅದೇ ಕೊಠಡಿ, ಎರಡೇ ಪೀರಿಯಡ್ ಕೊಡಿ ಎಂದು ಕೇಳಿಕೊಂಡೆ. ನಿಮ್ಮ ಸೊಸೆ ಬರಲ್ವಾ ಎಂದರು. ಆಗ ಇನ್ನೊಂದು ಮಾತನ್ನೂ ಅವರಿಗೆ ಹೇಳಬೇಕಾಯಿತು, ಅದು ಆಮೇಲೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬುಧವಾರ ಬನ್ನಿ, ಆದ್ರೆ ಸ್ಕ್ರೂ ಒಂದೂ ನೆಲದ ಮೇಲೆ ಬಿಟ್ಟು ಹೋಗಬೇಡಿ ಅಂದರು.

ಬುಧವಾರ ಅಂದರೆ ನಿನ್ನೆ. ನಾನು ಒಳಗೆ ಕಾಲಿಟ್ಟದ್ದೇ ಬುಗುರಿ ಅಜ್ಜಿ ಬಂದ್ರು ಎಂದು ಒಂದು ಕೂಗು ಎದ್ದಿತು. ಹೆಸರಿನ ಮೇಲೆ ಹೆಸರು ಗಳಿಸುತ್ತಿದ್ದೇನೆ ನೋಡು. ಪಾಠ ಹೇಳಲು ನನಗೇನು ಬರುತ್ತದೆ? ನೀನು ಬರೆದಿಟ್ಟಿದ್ದ ಹಾಳೆಯನ್ನು ಓದಿದೆ, ಪೆಟ್ಟಿಗೆ ಹಂಚಿದೆ, ಕೈ ಕಟ್ಟಿಕೊಂಡು ನಿಂತೆ. ನಾಲ್ಕನೇ ಗುಂಪಿನಲ್ಲಿ ಒಬ್ಬಳು ಹುಡುಗಿ, ಇಡೀ ತರಗತಿ ಅವಳನ್ನು ಜಗಳಗಂಟಿ ಅನ್ನುತ್ತದೆ. ಹೆಸರಿಗೆ ತಕ್ಕ ಹಾಗೆ, ಪುಸ್ತಕದಲ್ಲಿರೋ ಗಾಡಿ ಗಿಡ್ಡ, ನಂಗೆ ನೀರಿನ ಬಾಟ್ಲಿ ಹೊರೋ ಗಾಡಿ ಬೇಕು ಅಂತ ಹಟ ಹಿಡಿದಳು. ಗುಂಪಿನವರು ಬೇಡ ಅಂದರು. ಅವಳು ಯಾರ ಮಾತೂ ಕೇಳದೆ ಒಂದು ಪಟ್ಟಿಯ ತುದಿಗೆ ಇನ್ನೊಂದು ಪಟ್ಟಿ ಸೇರಿಸಿ ಒಂದು ಬೋಲ್ಟು ಹಾಕಿದಳು. ಎತ್ತಿದಾಗ ಪಟ್ಟಿ ಕತ್ತರಿಯ ಹಾಗೆ ತಿರುಗಿ ಜೋತುಬಿತ್ತು. ಎಲ್ಲರೂ ನಕ್ಕರು. ನಾನು ಹೇಳಿಕೊಡಲು ಬಾಯಿ ತೆರೆದೆ, ಹೆಡ್‌ಮಿಸ್ಟ್ರೆಸ್ ಕಣ್ಣಿನಲ್ಲೇ ತಡೆದರು. ಹುಡುಗಿ ಹುಬ್ಬು ಗಂಟಿಕ್ಕಿಕೊಂಡು ಅದನ್ನೇ ಹಿಂದೆ ಮುಂದೆ ಆಡಿಸಿದಳು. ಆಮೇಲೆ ಪಟ್ಟಿಗಳನ್ನು ಇನ್ನೂ ಮೂರು ತೂತು ಒಳಕ್ಕೆ ಸರಿಸಿ ಎರಡನೇ ಬೋಲ್ಟು ಹಾಕಿದಳು. ಅಲ್ಲಾಡದೆ ನಿಂತಿತು. ಒಂದಕ್ಕೆ ತಿರುಗುತ್ತೆ, ಎರಡಕ್ಕೆ ನಿಲ್ಲುತ್ತೆ ಅಂತ ತನ್ನಷ್ಟಕ್ಕೇ ಹೇಳಿಕೊಂಡಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀನು ಅಲ್ಲಿರಬೇಕಿತ್ತು. ನನಗೆ ಅಳು ಬಂತು, ಯಾರಿಗೂ ಕಾಣದ ಹಾಗೆ ಸ್ಕ್ರೂ ಹುಡುಕುವವಳಂತೆ ಬಗ್ಗಿದೆ.

ಮೋಟಾರಿನ ತಟ್ಟೆಯ ಸರದಿ ಬಂದಾಗ ನಾನು ಹತ್ತಿರ ಹೋಗಿ ನಿಂತೆ. ಮೊದಲ ಗುಂಪಿನವರು ತಟ್ಟೆಯನ್ನು ಎರಡು ಗೋಡೆಗಳ ನಡುವೆ ಇಳಿಸಿದರು. ಡ್ರಾಯರು ಮುಚ್ಚಿದ ಹಾಗೆ ಮೆತ್ತಗೆ ಕೂತಿತು. ಆರೂ ಗುಂಪಿನಲ್ಲಿ ಹಾಗೆಯೇ ಕೂತಿತು. ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದು ಗಾಡಿಗಳನ್ನು ಬಿಟ್ಟರು. ನಾಲ್ಕು ಗಾಡಿಗಳು ಗೆರೆಯ ಮೇಲೆ ದಾರ ಹಿಡಿದ ಹಾಗೆ ಹೋದವು. ಮೂರನೇ ಗುಂಪಿನದು ಹಿಮ್ಮುಖವಾಗಿ ಹೊರಟು ಹೆಡ್‌ಮಿಸ್ಟ್ರೆಸ್ ಚಪ್ಪಲಿಗೆ ಗುದ್ದಿತು, ತಂತಿ ಅದಲುಬದಲಾಗಿತ್ತು. ಕುಣಿಯಲಾರದವರ ಹಾಗೆ ನೆಲ ಡೊಂಕು ಎನ್ನದೆ ತಾವೇ ಬಿಚ್ಚಿ ಸರಿ ಮಾಡಿಕೊಂಡರು. ಐದನೆಯದರ ಚಕ್ರ ನಟ್ಟು ಸಡಿಲವಾಗಿ ಅರ್ಧ ದಾರಿಯಲ್ಲಿ ಕಳಚಿಕೊಂಡು, ಗಾಡಿಗಿಂತ ಮುಂದೆ ಉರುಳಿ ಹೋಯಿತು. ಚಕ್ರಕ್ಕೆ ಮಾತ್ರ ಒಳಗೆ ನೈಲಾನ್ ಬಳೆಯಿರುವ ನಟ್ಟು ಹಾಕಬೇಕು, ಬರೆದಿಟ್ಟುಕೋ. ಜಗಳಗಂಟಿಯ ಗಾಡಿ ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಉದ್ದ. ತುಂಬಿದ ಬಾಟಲಿ ಹೊತ್ತುಕೊಂಡು ಗೆರೆಯ ಕೊನೆಯವರೆಗೂ ಹೋಯಿತು. ನನ್ನ ಸೊಸೆ ಮಾಡಿದ್ದು, ನನ್ನ ಸೊಸೆ ಮಾಡಿದ್ದು ಅಂತ ವರಾಂಡದ ತುಂಬ ಹೇಳಿಕೊಂಡು ಓಡಾಡಿದೆನಂತೆ. ನನಗೆ ನೆನಪಿಲ್ಲ, ಹೆಡ್‌ಮಿಸ್ಟ್ರೆಸ್ ಹೇಳಿದರು.

ಆಮೇಲೆ ಅವರು ಒಂದು ಗಾಡಿಯನ್ನು ಕೈಯಲ್ಲಿ ಎತ್ತಿ ತಿರುಗಿಸಿ ನೋಡಿ, ಆರನೇ ತರಗತಿಯ ಎರಡೂ ವಿಭಾಗಕ್ಕೆ ಇದೇ ಬೇಕು, ಆದ್ರೆ ಪೆಟ್ಟಿಗೆ ತಂದಿಟ್ಟು ಹೋಗೋದಲ್ಲ, ಮಾಡಿದವ್ರೇ ಬಂದು ನಮ್ಮ ಮೇಷ್ಟ್ರುಗಳಿಗೆ ಕಲಿಸಬೇಕು ಅಂದರು. ಉಳಿದ ಇಬ್ಬರು ಮುಖ್ಯಸ್ಥರಿಗೆ ತಾವೇ ಫೋನ್ ಮಾಡುತ್ತಾರಂತೆ. ಮಾಡುತ್ತಾರೋ ಬಿಡುತ್ತಾರೋ, ಅದನ್ನು ನಂಬಿಕೊಂಡು ಬಾ ಎಂದು ನಾನು ಹೇಳುವುದಿಲ್ಲ. ಒಂದು ಶಾಲೆಯಂತೂ ಖಂಡಿತ. ಮುಂದಿನ ಗುರುವಾರ ಬೆಳಗ್ಗೆ ಹತ್ತಕ್ಕೆ ಬರ್ತಾಳೆ ಎಂದು ಮಾತು ಕೊಟ್ಟಿದ್ದೇನೆ. ನಿನ್ನನ್ನು ಕೇಳದೆ ಮಾತು ಕೊಟ್ಟದ್ದು ತಪ್ಪು. ಕೇಳದೆ ಮಾತಾಡುವುದು ನನ್ನ ಹಳೇ ಚಾಳಿ.

ಈಗ ಹೇಳಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ನಿನ್ನ ಬಗ್ಗೆ ನನಗೆ ಹೆಮ್ಮೆ. ನೀನು ಶಾಲೆಯ ಕೆಲಸ ಬಿಟ್ಟು ಈ ಕೋಣೆ ಸೇರಿದಾಗ ಒಂದು ವಾರ ಮುಖ ಊದಿಸಿಕೊಂಡಿದ್ದವಳು ನಾನು. ಆಟದ ಸಾಮಾನು ಮಾಡೋಕೆ ಅಷ್ಟು ಓದಬೇಕಿತ್ತಾ ಅಂತ ಕೇಳಿದ್ದೆ, ನಿನಗೆ ನೆನಪಿದ್ದೇ ಇರುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂದಿದೆ, ಒಂದೇ ಮೇಜಿನ ಎರಡು ಪಕ್ಕದಲ್ಲಿ. ಅಂಗಡಿ ಮುಚ್ಚಿದ ಮೇಲೆ ನನ್ನ ಕೈಗೆ ಮತ್ತೆ ಕ್ಯಾಲಿಪರ್ ಕೊಟ್ಟವಳು ನೀನು. ಇದನ್ನು ಅಳೆದುಕೊಡಿ ಅತ್ತೆ, ನಿಮ್ಮಷ್ಟು ಸರಿಯಾಗಿ ನಂಗೆ ಬರಲ್ಲ ಅಂತ ನೀನು ಅನ್ನುತ್ತಿದ್ದಾಗ ನಾನು ಮುಖ ಬಿಗಿದುಕೊಂಡಿರುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಪ್ಲಾಸ್ಟಿಕ್ ಬೇಡವೇ ಬೇಡ ಅನ್ನುವುದಿಲ್ಲ. ಪುಟ್ಟಿಯ ವಯಸ್ಸಿನವರಿಗೆ ಇರಲಿ, ಬೇಕಾದಷ್ಟು ಕೊಂಡು ತಾ. ಏಳನೇ ಪುಟವಿಲ್ಲದ ಕರಾರು ಕೊಡುತ್ತೀರಾ ಎಂದು ಕೇಳಿ ನೋಡು. ಕೊಡದಿದ್ದರೆ ಕೈ ಮುಗಿದು ಎದ್ದು ಬಾ. ಇದೆಲ್ಲ ಓದಿದ ಮೇಲೂ ನೀನು ಸಹಿ ಹಾಕಿದರೆ ನಾನು ಜಗಳ ತೆಗೆಯುವುದಿಲ್ಲ. ಒಂದು ವಾರ ಮುಖ ಊದಿಸಿಕೊಂಡು ಆಮೇಲೆ ಅವರ ಚೀಟಿಗಳನ್ನು ನಾನೇ ಅಂಟಿಸಿಕೊಡುತ್ತೇನೆ. ಕಾಗದದ ಜೊತೆ ಹೊಸ ಕ್ಲಾಂಪು ಎರಡನ್ನು ಕಳಿಸಿದ್ದೇನೆ. ಅಳೆದು ನೋಡು.

ಗುರುವಾರದ ದಾರಿ ಕಾಯುತ್ತಿರುವ,
ನಿನ್ನ ಅತ್ತೆ

ತಾ.ಕ. ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ತಗಡಿನವನು ಒಳಮೈಯಿಂದ ಅಳೆದದ್ದು ತಾನಾಗಿ ಅಲ್ಲ. ಕ್ಲಾಂಪು ಮಡಿಸುವ ದಿನ ಬೆಳಗ್ಗೆ ಮನೆಗೆ ಫೋನ್ ಮಾಡಿದ್ದ. ನೀನು ಸ್ನಾನಕ್ಕೆ ಹೋಗಿದ್ದೆ. ಅಮ್ಮಾ, ಈ ಹತ್ತು ಒಳಗಿಂದಾನಾ ಹೊರಗಿಂದಾನಾ, ಗುರುತಿಲ್ಲ, ಅವರನ್ನ ಒಂದ್ಮಾತು ಕೇಳಿ ಹೇಳಿ ಅಂದ. ಬಚ್ಚಲಿನ ಬಾಗಿಲು ತಟ್ಟಿದ್ದರೆ ಸಾಕಿತ್ತು. ನಮ್ಮ ಅಂಗಡಿಯಲ್ಲಿ ಕ್ಲಾಂಪನ್ನು ಯಾವತ್ತೂ ಒಳಗಿನಿಂದಲೇ ಅಳೆಯುತ್ತಿದ್ದೆವು, ಹಲಗೆ ಕೂರುವುದು ಒಳಗೆ ತಾನೆ. ಅವಳನ್ನ ಕೇಳೋದೇನು, ಒಳಗಿಂದಾನೇ, ಮೂವತ್ತೊಂದು ವರ್ಷ ಮಾರಿದೀನಿ ಅಂದುಬಿಟ್ಟೆ. ನಿನಗೆ ಹೇಳುವಷ್ಟು ದೊಡ್ಡ ವಿಷಯ ಅಂತಲೂ ಅನ್ನಿಸಲಿಲ್ಲ. ಗಾಡಿಗಳು ಸುತ್ತಿದಾಗ ಗೊತ್ತಾಯಿತು, ಆಗ ಬಾಯಿ ಬರಲಿಲ್ಲ. ಬಾಯಿ ಬಿಡಬೇಡ ಎಂದು ತಗಡಿನವನಿಗೂ ಹೇಳಿದೆ. ನಿನ್ನ ನಕ್ಷೆಯಲ್ಲಿ ಒಂದು ಗುರುತು ಬಿಟ್ಟುಹೋಗಿತ್ತು, ನಿಜ. ಅದನ್ನು ಕೇಳಲೆಂದೇ ಅವನು ಫೋನ್ ಮಾಡಿದ್ದ. ಎರಡು ತಿಂಗಳು ನೀನು ನಿನ್ನನ್ನು ಹಳಿದುಕೊಂಡದ್ದು ನನ್ನ ಜಂಭಕ್ಕೆ. ಸೋಮವಾರ ಏನು ಬೇಕಾದರೂ ಮಾಡು, ಲೋಹ ನಿನಗೆ ಬರುವುದಿಲ್ಲ ಎಂದುಕೊಂಡು ಮಾತ್ರ ಮಾಡಬೇಡ. ಈ ವಿಷಯವನ್ನು ಹೆಡ್‌ಮಿಸ್ಟ್ರೆಸ್‌ಗೆ ಗೇಟಿನ ಹತ್ತಿರವೇ ಹೇಳಿದೆ. ಮೂವತ್ತು ಮಕ್ಕಳಿಗೆ ಪೆಟ್ಟಿಗೆ ಹಂಚುವ ಮೊದಲು ಹೇಳಿದೆ. ನಿನ್ನ ಗಂಡನಿಗೆ ನಿನ್ನೆ ಊಟಕ್ಕೆ ಕೂತಾಗ ಹೇಳಿದೆ. ನಿನ್ನೊಬ್ಬಳಿಗೆ ಹೇಳಲು ಇಷ್ಟು ಹಾಳೆ ಬೇಕಾಯಿತು.